ಫೌಜದಾರ ಮಲಗಿದ ಅರ್ಧ ತಾಸು

ಆ ಪಂದ್ಯವನ್ನು ನೆಲದ ಮೇಲೆ ಆಡಿಸಲು ಯಾರಿಗೂ ಧೈರ್ಯವಿರಲಿಲ್ಲ.

ಹಲ್ಲಿನ ಸಂದಿಯಲ್ಲಿ, ಕಣ್ಣಿನ ಲೆನ್ಸಿನಲ್ಲಿ, ಉಗುರಿನ ಕೆಳಗೆ ಅಡಗುವಷ್ಟು ಸಣ್ಣ ರೇಡಿಯೋಗಳು ಸಂತೆಯ ಸರಕಾದ ಮೇಲೆ ಚೆಸ್ ಆಟದ ಮರ್ಯಾದೆ ಹೋಗಿತ್ತು. ಆಟಗಾರನೊಬ್ಬ ಅಪರೂಪದ ನಡೆ ನಡೆಸಿದರೆ ಜನ ಬೋರ್ಡು ಬಿಟ್ಟು ಅವನ ಕಿವಿ ನೋಡುತ್ತಿದ್ದರು. ಎರಡು ವಿಶ್ವ ಚಾಂಪಿಯನ್‌ಷಿಪ್‌ಗಳು ಜಗಳದಲ್ಲೇ ಮುರಿದುಬಿದ್ದವು. ಕೊನೆಗೆ ಒಕ್ಕೂಟದವರು ನಂಬಿದ್ದು ಕಲ್ಲನ್ನು. ಕೋಲಾರ ಜಿಲ್ಲೆಯಲ್ಲಿ ಮುಚ್ಚಿಹೋಗಿದ್ದ ಚಿನ್ನದ ಗಣಿಯೊಂದರಲ್ಲಿ, ಒಂದು ಕಿಲೋಮೀಟರ್ ಆಳದ ಹಂತದ ನೀರನ್ನೆಲ್ಲ ಎತ್ತಿಸಿ, ಸುರಂಗಕ್ಕೆ ಸುಣ್ಣ ಹೊಡೆಸಿ, ಆಟದ ಕೋಣೆ, ನಿಯಂತ್ರಣ ಕೋಣೆ, ಆಟಗಾರರ ಬಿಡಾರ ಎಲ್ಲವನ್ನೂ ಅಲ್ಲೇ ಕಟ್ಟಿಸಿದರು. ಅಷ್ಟು ಕಲ್ಲನ್ನು ದಾಟಿ ಯಾವ ಸಂಕೇತವೂ ಒಳಗೆ ಬರುವಂತಿರಲಿಲ್ಲ. ಆಟಗಾರರು ಇಬ್ಬರು, ಅವರೊಂದಿಗೆ ಒಬ್ಬೊಬ್ಬರು ಸಂಬಂಧಿಕರು. ಆರು ವಾರ, ಹದಿನಾಲ್ಕು ಆಟ. ಮುಗಿಯುವವರೆಗೆ ಯಾರೂ ಮೇಲೆ ಹೋಗುವಂತಿಲ್ಲ.

ಆರನೆಯ ವಾರದ ಕೊನೆಗೆ ಇಬ್ಬರಿಗೂ ಆರೂವರೆ ಆರೂವರೆ ಅಂಕ. ಉಳಿದದ್ದು ಒಂದೇ ಆಟ. ಅದು ಡ್ರಾ ಆದರೂ ಪಟ್ಟ ಹಳೆಯ ಚಾಂಪಿಯನ್ನನಿಗೇ ಉಳಿಯುತ್ತದೆ. ಮಂಗೋಲಿಯಾದ ತೆಮೂಲೆನ್‌ಗೆ ಇಪ್ಪತ್ತನಾಲ್ಕು ವರ್ಷ, ಎರಡು ಸಲ ಗೆದ್ದವನು. ಅವನ ಎದುರು ಕೂತವಳು ಗದಗ ಬೆಟಗೇರಿಯ ನೀಲಗಂಗಾ ಬಡಿಗೇರ. ಅವಳು ಗೆಲ್ಲಲೇಬೇಕಿತ್ತು.

ನೀಲಗಂಗಾಳ ಎಡಗಿವಿಯ ಹಿಂದೆ, ತಲೆಬುರುಡೆಯೊಳಗೆ, ಹುಣಸೆಬೀಜದಷ್ಟು ದೊಡ್ಡ ಯಂತ್ರವೊಂದಿತ್ತು. ಹನ್ನೊಂದನೆಯ ವಯಸ್ಸಿನಿಂದ ಅವಳಿಗೆ ಮೂರ್ಛೆ ಬರುತ್ತಿತ್ತು. ಇಪ್ಪತ್ತಮೂರರಲ್ಲಿ ಒಮ್ಮೆ ಬಂದದ್ದು ನಿಲ್ಲದೆ, ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದಾಗ ವೈದ್ಯರು ಅದನ್ನು ಕೂರಿಸಿದರು. ಅದರ ಕೂದಲೆಳೆಯಂಥ ತಂತಿಗಳು ಮಿದುಳಿನ ನರಕೋಶಗಳಿಗೆ ಸದಾ ಕಿವಿಗೊಟ್ಟಿರುತ್ತವೆ. ಸಾಮಾನ್ಯ ಹೊತ್ತಿನಲ್ಲಿ ಕೋಶಗಳು ಸಂತೆಯ ಜನರ ಹಾಗೆ, ಒಬ್ಬೊಬ್ಬರದು ಒಂದೊಂದು ಮಾತು. ಮೂರ್ಛೆ ಬರುವ ಮುನ್ನ ಅವೆಲ್ಲ ಇದ್ದಕ್ಕಿದ್ದಂತೆ ಒಂದೇ ತಾಳ ಹಿಡಿಯುತ್ತವೆ. ತಾಳ ಕೇಳಿದ ಕೂಡಲೇ ಯಂತ್ರ ಎರಡು ಸೆಕೆಂಡು ಸಣ್ಣ ವಿದ್ಯುತ್ ಹರಿಸಿ ಗುಂಪನ್ನು ಚದುರಿಸುತ್ತದೆ. ನೀಲಾ ಅದನ್ನು ಫೌಜದಾರ ಎಂದು ಕರೆಯುತ್ತಿದ್ದಳು. ನಾಲ್ಕು ಮಂದಿ ಕೂಡಿದರೆ ಸಾಕು, ಲಾಠಿ ತಗೊಂಡು ಬರುತ್ತಾನೆ.

ಯಂತ್ರ ತಲೆಯಲ್ಲಿಟ್ಟುಕೊಂಡು ಪಟ್ಟಕ್ಕೆ ಆಡಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಒಕ್ಕೂಟ ವರ್ಷಗಟ್ಟಲೆ ವಾದ ಮಾಡಿ ಒಂದು ಷರತ್ತಿನ ಮೇಲೆ ಒಪ್ಪಿತು. ಯಂತ್ರದ ಪ್ರತಿಯೊಂದು ಮಿಡಿತವೂ ಅವಳ ಕೊರಳಪಟ್ಟಿಯ ತಂತಿಯ ಮೂಲಕ ನಿಯಂತ್ರಣ ಕೋಣೆಗೆ ದಾಖಲಾಗಬೇಕು. ಅಲ್ಲಿಂದ ಅವಳಿಗೆ ಒಂದಕ್ಷರವೂ ಬರಬಾರದು.

*

ಕೊನೆಯ ಆಟದ ದಿನ ಬೆಳಿಗ್ಗೆ ಬಿಡಾರದಲ್ಲಿ ಅಕ್ಕ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನೀಲಾಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ಬೆಟಗೇರಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಗಣಿಗೆ ಬರುವಾಗ ಫಾಲ್ಸ್ ಹಚ್ಚಬೇಕಾದ ನಲವತ್ತು ಸೀರೆಗಳನ್ನು ಗಂಟು ಕಟ್ಟಿ ತಂದಿದ್ದಳು. ಎಲ್ಲ ಮುಗಿದು ಹೋಗಿ ಈಗ ಕೈಗೆ ಕೆಲಸವಿರಲಿಲ್ಲ.

"ಈ ಕರೆಂಟಿನ ಹಂಚಿನ ಮ್ಯಾಲ ರೊಟ್ಟಿ ಉಬ್ಬಾಂಗಿಲ್ಲ," ಅಂದಳು. "ಆರು ವಾರ ಆತು, ಒಂದರೆ ಉಬ್ಬಿದ್ದು ನೋಡಿಲ್ಲ. ರಾತ್ರಿ ನಿದ್ದಿ ಆತೇನು?"

"ಆತು."

"ಸುಳ್ಳು. ಮೂರು ಸರ್ತಿ ಎದ್ದಿ ನೀ."

ನೀಲಾ ನಕ್ಕು ಗೋಡೆಗೆ ಅಂಗೈ ಒತ್ತಿದಳು. ಕಲ್ಲು ಬೆಚ್ಚಗಿತ್ತು. ಆ ಆಳದಲ್ಲಿ ಕಲ್ಲು ಹಗಲೂ ರಾತ್ರಿ ಬೆಚ್ಚಗೇ ಇರುತ್ತದೆ. ಹಾಗಾಗಿ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಬೆಳಗಾಯಿತೆಂದು ತಿಳಿಯುವುದು ಅಕ್ಕ ಹಿಟ್ಟು ನಾದುವ ಸದ್ದಿನಿಂದಲೇ. ಮೇಲಿನಿಂದ ಗಾಳಿ ತರುವ ಕೊಳವೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು.

"ಅಕ್ಕಾ, ಒಂದು ಮಾತು ಕೇಳ್ಲಿ? ಸಣ್ಣಾಕಿ ಇದ್ದಾಗ ನಾ ಹೆಂಗ ಆಡ್ತಿದ್ದೆ?"

"ನನಗೇನ ಗೊತ್ತು ನಿಮ್ಮ ಆಟ? ನಿನಗ ಆಟ ಕಲಿಸಿದ ಸರ್ ಅಂತಿದ್ರು, ಈ ಹುಡುಗಿ ಆನಿ ಕುದುರಿ ಎಲ್ಲಾ ದಾನಾ ಮಾಡಿ ಗೆದ್ದು ಬರತೈತಿ ಅಂತ."

"ಈಗ್ಯಾಕ ಹಂಗ ಬರವಲ್ತು?"

ಕಸ್ತೂರಿ ತಿರುಗಿ ನೋಡಿದಳು. "ಬ್ಯಾಡ ಬಿಡು. ಈಗ ಛಲೋ ಆಡ್ತಿ. ಪೇಪರಿನ್ಯಾಗ ಬರದಿಲ್ಲೇನು, ಬಂಡಿಗಲ್ಲು ಇದ್ದಂಗ ಅಂತ. ಸೋತರ ಸೋಲು, ನನಗೇನೂ ಇಲ್ಲ. ಬಿದ್ದೀ ಅಂದ್ರ ಮಾತ್ರ ನಾ ಸುಮ್ಮನ ಇರಾಂಗಿಲ್ಲ."

ಪತ್ರಿಕೆಗಳು ಹಾಗೆ ಬರೆದದ್ದು ನಿಜ. ಹುಡುಗಿಯಾಗಿದ್ದಾಗ ಸುಂಟರಗಾಳಿಯಂತೆ ಆಡುತ್ತಿದ್ದವಳು ಈಗ ಮಾಗಿದ್ದಾಳೆ, ಸಾಹಸವಿಲ್ಲ, ತಪ್ಪೂ ಇಲ್ಲ ಎಂದು ಹೊಗಳಿದ್ದವು. ನೀಲಾ ಕೂಡ ಅದನ್ನೇ ನಂಬಿದ್ದಳು. ವಯಸ್ಸು ಎಲ್ಲರನ್ನೂ ಹಾಗೇ ಮಾಡುತ್ತದೆ ಎಂದುಕೊಂಡಿದ್ದಳು.

*

ಮಧ್ಯಾಹ್ನ ಎರಡಕ್ಕೆ ಆಟ ಶುರುವಾಯಿತು. ನಿಯಂತ್ರಣ ಕೋಣೆಯ ತಾಮ್ರದ ಬಾಗಿಲು ಹಾಕಿಕೊಂಡಿತು. ಆಟ ಮುಗಿಯುವ ತನಕ ಅದು ತೆರೆಯುವುದಿಲ್ಲ.

ಒಳಗೆ ಇಬ್ಬರಿದ್ದರು. ಒಬ್ಬರು ಒಕ್ಕೂಟದ ತಪಾಸಣಾಧಿಕಾರಿ ವೇಣುಗೋಪಾಲ ಕಡಾಂಬಿ, ನಿವೃತ್ತ ನ್ಯಾಯಾಧೀಶರು, ಮೈಸೂರಿನವರು. ಇನ್ನೊಬ್ಬಳು ಜೆಸಿಂತಾ ಕ್ರಾಸ್ತಾ, ಮಂಗಳೂರಿನವಳು. ಫೌಜದಾರನಿಗೆ ಬುದ್ಧಿ ಕೊಟ್ಟವಳು ಅವಳೇ. ಪ್ರತಿಯೊಬ್ಬ ರೋಗಿಯ ಮೂರ್ಛೆಯೂ ಬೇರೆ ಬೇರೆ ತಾಳದ್ದಾದ್ದರಿಂದ, ಯಂತ್ರ ತಾನು ಕೂತ ತಲೆಯನ್ನು ತಾನೇ ಕಲಿತುಕೊಳ್ಳುವಂತೆ ಅವಳು ಬರೆದಿದ್ದಳು. ಎಂಟು ವರ್ಷದಲ್ಲಿ ನೀಲಾಳ ಯಂತ್ರ ಸೋತದ್ದು ಒಂದೇ ಸಲ, ನಾಲ್ಕು ವರ್ಷದ ಹಿಂದೆ ಡೆಂಗಿ ಜ್ವರ ಬಂದಾಗ.

ಜೆಸಿಂತಾಳ ಮೇಜಿನ ಮೇಲೆ ಒಂದು ಕೆಂಪು ಗುಂಡಿಯಿತ್ತು. ಜೀವಕ್ಕೆ ಅಪಾಯ ಕಂಡರೆ ಒತ್ತಬೇಕು. ಒತ್ತಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ನೀಲಾ ಸೋತಂತೆ.

ಮೊದಲ ಎರಡು ತಾಸು ಪರದೆಯ ಮೇಲೆ ಶಾಂತವಾದ ಗೆರೆಗಳು ಹರಿದವು. ಆಮೇಲೆ ಮಿಡಿತಗಳು ಶುರುವಾದವು. ಐದು ಗಂಟೆಯ ಹೊತ್ತಿಗೆ ಒಂಬತ್ತು.

"ಇಷ್ಟು ಇರುತ್ತೇನಮ್ಮಾ?" ಕಡಾಂಬಿ ಕೇಳಿದರು.

"ಇಲ್ಲ ಸರ್. ಸಾಧಾರಣ ದಿನಗಳಲ್ಲಿ ತಿಂಗಳಿಗೆ ಒಂದೆರಡು ಇರುವುದು." ಜೆಸಿಂತಾ ಒಂದೊಂದೇ ಮಿಡಿತದ ಹಿಂದಿನ ಗೆರೆಗಳನ್ನು ಹಿಗ್ಗಿಸಿ ನೋಡಿದಳು. ಮೂರ್ಛೆಗೆ ಮೊದಲು ತಾಳ ನಿಧಾನವಾಗಿ, ಒಂದು ಮೂಲೆಯಿಂದ ಹಬ್ಬುತ್ತದೆ. ಇಲ್ಲಿ ಹಾಗಿರಲಿಲ್ಲ. ದೂರದೂರದ ಜಾಗಗಳು ಒಮ್ಮೆಲೇ, ಅರೆಗಳಿಗೆ ಕೂಡಿಕೊಂಡಿದ್ದವು. ಅಷ್ಟರಲ್ಲಿ ಲಾಠಿ ಬಿದ್ದಿತ್ತು.

ಅವಳು ಹಳೆಯ ಆಟಗಳ ದಾಖಲೆ ತೆಗೆದಳು. ಮೂರನೆಯ ಆಟದಲ್ಲಿ ಎರಡು ಮಿಡಿತ. ಆ ಆಟದಲ್ಲಿ ನೀಲಾ ಗೆಲ್ಲುವ ನಡೆಯನ್ನು ಕೈಬಿಟ್ಟಳು ಎಂದು ಎಲ್ಲರೂ ಹೇಳಿದ್ದರು. ಎಂಟನೆಯದರಲ್ಲಿ ನಾಲ್ಕು. ಹನ್ನೊಂದನೆಯದರಲ್ಲಿ ಐದು. ಒಟ್ಟಿಗೇ ನೋಡುವ ಬುದ್ಧಿ ಅವಳಿಗಾಗಲೀ ಬೇರೆ ಯಾರಿಗಾಗಲೀ ಬಂದಿರಲಿಲ್ಲ. ಎಲ್ಲರೂ ನೋಡಿದ್ದು ಒಳಗೆ ಏನಾದರೂ ಬರುತ್ತದೆಯೇ ಎಂದು ಮಾತ್ರ.

ಅವಳು ಪರದೆಯಿಂದ ಇತ್ತ ತಿರುಗಿದಳು.

"ಸರ್, ಇದು ಫಿಟ್ಸ್ ಅಲ್ಲ."

"ಮತ್ತೆ?"

"ಅವಳಿಗೆ ಏನಾದರೂ ಹೊಳೆಯುವಾಗ, ದೊಡ್ಡದು ಹೊಳೆಯುವಾಗ, ಮಿದುಳು ಹೀಗೇ ಒಟ್ಟು ಸೇರುವುದು. ಮಿಷನ್ ಅದನ್ನೂ ಮೂರ್ಛೆ ಅಂತ ಕಲಿತುಬಿಟ್ಟಿದೆ. ಕಲಿಯಲಿ ಅಂತ ಬಿಟ್ಟದ್ದು ನಾನೇ ಅಲ್ವಾ. ಎಂಟು ವರ್ಷದಿಂದ ಅವಳ ಒಳ್ಳೆಯ ಯೋಚನೆಗಳನ್ನೆಲ್ಲ ನಾನು ಹೊಡೆದು ಓಡಿಸುತ್ತಾ ಇದ್ದೇನೆ."

ಕಡಾಂಬಿ ಕನ್ನಡಕ ತೆಗೆದು ಒರೆಸಿದರು. "ಅವಳಿಗೆ ತಿಳಿಸೋ ಹಾಗಿಲ್ಲವಲ್ಲ."

"ತಿಳಿಸಿದರೆ?"

"ಹೊರಗಿನ ನೆರವು ಅಂತ ಆಗುತ್ತೆ. ಆಟ ಹೋಗುತ್ತೆ. ಗುಂಡಿ ಒತ್ತಿದರೂ ಹೋಗುತ್ತೆ. ನೋಡಮ್ಮಾ, ನನಗೂ ಬೇಸರವೇ. ಆದರೆ ಬಾಗಿಲಿನ ಈಚೆ ಇರೋ ನಾವಿಬ್ಬರೂ ಮಾಡಬಹುದಾದ್ದು ಏನೂ ಇಲ್ಲ."

*

ಬೋರ್ಡಿನ ಮುಂದೆ ನೀಲಾ ಮೂವತ್ತೊಂದನೆಯ ನಡೆಗೆ ಕೂತಿದ್ದಳು. ಗಡಿಯಾರದಲ್ಲಿ ಅವಳಿಗೆ ನಲವತ್ತೆಂಟು ನಿಮಿಷ ಉಳಿದಿತ್ತು.

ಸ್ಥಿತಿ ಸಮವಾಗಿತ್ತು. ಹೀಗೇ ಆಡುತ್ತ ಹೋದರೆ ಡ್ರಾ, ಡ್ರಾ ಅಂದರೆ ಸೋಲು. ತೆಮೂಲೆನ್‌ನ ರಾಜ ಮೂಲೆಯಲ್ಲಿ ಮೂರು ಕಾಲಾಳುಗಳ ಹಿಂದೆ ಬೆಚ್ಚಗಿದ್ದ. ಅವಳ ಕುದುರೆ ಆ ಕಾಲಾಳುಗಳ ಎದುರಿಗೇ ನಿಂತಿತ್ತು. ಕುದುರೆಯನ್ನು ಅಲ್ಲೇ ಬಲಿಕೊಟ್ಟರೆ? ರಾಜ ಅದನ್ನು ಹೊಡೆಯುತ್ತಾನೆ. ಆಮೇಲೆ ಮಂತ್ರಿ ಮುಂದೆ ಬರುತ್ತದೆ. ಆಮೇಲೆ—

ಕಿವಿಯ ಹಿಂದೆ ಸೋಡಾ ಬಾಟಲಿ ತೆರೆದಂತೆ ಸಣ್ಣ ಸದ್ದು. ನೀಲಾ ಕಾಲಾಳುಗಳನ್ನು ಎಣಿಸುತ್ತಿದ್ದಳು. ಆರು. ಯಾಕೆ ಎಣಿಸುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಮತ್ತೆ ಕುದುರೆಯಿಂದ ಶುರುಮಾಡಿದಳು. ಬಲಿ. ರಾಜ ಹೊಡೆಯುತ್ತಾನೆ. ಮಂತ್ರಿಯಲ್ಲ, ಮೊದಲು ಬೇರೆ ಏನೋ ಇದೆ, ಬಹಳ ಮೆಲ್ಲಗಿನದು ಏನೋ. ಮತ್ತೆ ಆ ಸದ್ದು. ಈ ಸಲ ನೀರಿನ ಲೋಟ ಕೈಯಲ್ಲಿತ್ತು.

ಮೂರನೆಯ ಸಲವೂ ಅದೇ ಜಾಗದಲ್ಲಿ ಕತ್ತಲೆ. ಅವಳು ಲೋಟ ಕೆಳಗಿಟ್ಟಳು. ಮರೆವು ಒಂದೊಂದು ಸಲ ಒಂದೊಂದು ಕಡೆ ಬರುತ್ತದೆ. ಇದು ಮೂರೂ ಸಲ ಒಂದೇ ಬಾಗಿಲ ಮುಂದೆ ಬಂದಿತ್ತು. ಬೇಸರದ ನಡೆಗಳನ್ನು ಎಷ್ಟು ಲೆಕ್ಕ ಹಾಕಿದರೂ ಫೌಜದಾರ ಏಳುವುದಿಲ್ಲ. ಅದನ್ನು ಪರೀಕ್ಷಿಸಲು ಆನೆಯನ್ನು ಹಿಂದೆ ಸರಿಸುವ ದಾರಿಯನ್ನು ಹತ್ತು ನಡೆ ಆಚೆಗೆ ನೋಡಿದಳು. ಸದ್ದಿಲ್ಲ. ಕುದುರೆಯ ಕಡೆ ತಿರುಗಿದಳು. ಎರಡನೆಯ ನಡೆಯ ಆಚೆ ಮನಸ್ಸು ಕಾಲಿಟ್ಟಿದ್ದೇ ತಡ, ಲಾಠಿ.

ಆಗ ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಈ ಆಟವೊಂದೇ ಅಲ್ಲ. ಎಂಟು ವರ್ಷದಿಂದ ತಾನು ಮಾಗಿದ್ದೇನೆಂದು ತಿಳಿದಿದ್ದು ಮಾಗುವಿಕೆಯಲ್ಲ. ಎಷ್ಟು ಆಟಗಳಲ್ಲಿ, ಎಷ್ಟು ಸಂಜೆಗಳಲ್ಲಿ, ಏನೋ ನೆನಪಾಗುವಂತಾಗಿ ತಪ್ಪಿಹೋಗಿತ್ತು. ತನ್ನ ತಲೆಯೇ ಒಂದು ಕೋಣೆ, ಅದರ ಒಳ್ಳೆಯ ಬಾಗಿಲಿಗೇ ಬೀಗ. ಆ ಬೀಗದ ಮೇಲೆ ಒಂದು ಕಿಲೋಮೀಟರ್ ಕಲ್ಲು. ಅವಳು ಕುರ್ಚಿಯ ಕೈಗಳನ್ನು ಹಿಡಿದಳು. ಎದ್ದು ಓಡಿಹೋಗಬೇಕೆನಿಸಿತು. ಓಡಲು ಜಾಗವಿರಲಿಲ್ಲ.

ಎದುರಿಗೆ ತೆಮೂಲೆನ್ ಅವಳ ಮುಖ ನೋಡಿ, ನೋಡಬಾರದೆನಿಸಿ, ಕಣ್ಣು ತಗ್ಗಿಸಿದ.

ಡೆಂಗಿ ಜ್ವರದಲ್ಲಿ ಏನಾಗಿತ್ತೆಂದು ಅವಳಿಗೆ ನೆನಪಿತ್ತು. ನಾಲ್ಕು ತಾಸಿನೊಳಗೆ ಇಪ್ಪತ್ತನಾಲ್ಕು ಮಿಡಿತ ಆದರೆ ತಂತಿಗಳು ಬಿಸಿಯಾಗಿ ಮಿದುಳಿಗೆ ಪೆಟ್ಟು. ಅದಕ್ಕೇ ಯಂತ್ರ ಅಷ್ಟಾದ ಮೇಲೆ ತಾನಾಗಿ ಅರ್ಧ ತಾಸು ಮಲಗುತ್ತದೆ. ಆ ದಿನ ಮಲಗಿದ್ದಾಗ ಎರಡು ಮೂರ್ಛೆ ಬಂದಿದ್ದವು. ಅಕ್ಕ ಆಸ್ಪತ್ರೆಯ ನೆಲದ ಮೇಲೆ ಅವಳ ತಲೆ ಹಿಡಿದುಕೊಂಡು ಕೂತಿದ್ದಳು.

ಇವತ್ತು ಇಲ್ಲಿಯವರೆಗೆ ಎಷ್ಟು ಸದ್ದು? ಎಣಿಸುವುದು ಅವಳ ಹುಟ್ಟುಗುಣ. ಹದಿಮೂರು. ಇನ್ನು ಹನ್ನೊಂದು.

ಅವಳು ಕಣ್ಣು ಮುಚ್ಚಿ ಬಾಗಿಲ ಕಡೆ ನಡೆದಳು. ಬಲಿ, ರಾಜ ಹೊಡೆಯುತ್ತಾನೆ, ಆಮೇಲೆ. ಲಾಠಿ. ಉಸಿರು ಎಳೆದುಕೊಂಡು, ತಲೆ ತಿಳಿಯಾಗುವವರೆಗೆ ಕಾದು, ಮತ್ತೆ ನಡೆದಳು.

*

"ಹದಿನೇಳು," ಜೆಸಿಂತಾ ಅಂದಳು. ಅವಳ ಕೈ ಗುಂಡಿಯ ಪಕ್ಕದಲ್ಲಿತ್ತು. "ಇಪ್ಪತ್ತನಾಲ್ಕು ಆದರೆ ಮಿಷನ್ ಮಲಗುತ್ತದೆ ಸರ್. ಇಷ್ಟು ಸುಸ್ತಾದ ಮಿದುಳು, ರಾತ್ರಿ ನಿದ್ದೆಯೂ ಇಲ್ಲ ಅಂತೆ. ಖಂಡಿತ ಫಿಟ್ಸ್ ಬರುತ್ತದೆ. ಬಂದದ್ದು ನಿಲ್ಲದೆ ಹೋದರೆ?"

"ಹಾಗಾದರೆ ಒತ್ತಿಬಿಡು ತಾಯಿ. ಜೀವಕ್ಕಿಂತ ದೊಡ್ಡದಲ್ಲ."

ಹದಿನೆಂಟು. ಜೆಸಿಂತಾ ಗುಂಡಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಪರದೆಯ ಕೆಳಗಿನ ಸಮಯದ ಪಟ್ಟಿ ಕಣ್ಣಿಗೆ ಬಿತ್ತು. ಮೊದಲಿನ ಮಿಡಿತಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಹದಿಮೂರನೆಯದರ ನಂತರದವು ಹಾಗಿರಲಿಲ್ಲ. ಒಂದೂವರೆ ನಿಮಿಷ. ಒಂದೂವರೆ ನಿಮಿಷ. ಒಂದೂವರೆ ನಿಮಿಷ.

"ಸರ್, ಇಲ್ಲಿ ನೋಡಿ," ಅಂದಳು ಮೆಲ್ಲಗೆ. "ರೋಗ ಹೀಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ. ಇದು ಅವಳು. ಬೇಕಂತಲೇ ಬಾಗಿಲು ತಟ್ಟುತ್ತಾ ಇದ್ದಾಳೆ. ಅವಳಿಗೆ ಗೊತ್ತುಂಟು."

ಕಡಾಂಬಿ ಬಗ್ಗಿ ನೋಡಿದರು.

"ಏನಾಗುತ್ತೆ ಅಂತಲೂ ಗೊತ್ತೇನು ಅವಳಿಗೆ?"

"ನನಗಿಂತ ಚೆನ್ನಾಗಿ ಗೊತ್ತುಂಟು. ಬೀಳುವುದು ಅವಳೇ ಅಲ್ವಾ."

ಇಪ್ಪತ್ತು. ಇಪ್ಪತ್ತೊಂದು. ಜೆಸಿಂತಾ ಗುಂಡಿಯಿಂದ ಬೆರಳು ತೆಗೆದು ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿಕೊಂಡಳು. ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಇಪ್ಪತ್ತನಾಲ್ಕನೆಯದು ಬಿದ್ದ ಕ್ಷಣ ಪರದೆಯ ಹಸಿರು ಚುಕ್ಕೆ ಆರಿತು. ಗಡಿಯಾರದಲ್ಲಿ ಐದೂ ಮುಕ್ಕಾಲು.

*

ನೀಲಾ ಮತ್ತೆ ಬಾಗಿಲ ಬಳಿ ಬಂದಳು. ಸದ್ದಿಲ್ಲ.

ಕುದುರೆಯ ಬಲಿ. ರಾಜ ಹೊಡೆಯುತ್ತಾನೆ. ಆಮೇಲೆ ಮಂತ್ರಿಯಲ್ಲ, ಆನೆ. ಚೆಕ್ ಕೂಡ ಅಲ್ಲದ, ಸುಮ್ಮನೆ ಪಕ್ಕಕ್ಕೆ ಎರಡು ಮನೆ ಸರಿಯುವ ಆನೆ. ಅದು ಅಲ್ಲಿ ನಿಂತ ಕೂಡಲೇ ಕಪ್ಪು ರಾಜನಿಗೆ ಯಾವ ದಾರಿಯೂ ಉಳಿಯುವುದಿಲ್ಲ. ಹೀಗೆ ಹೋದರೆ ಮೂರು ನಡೆ, ಹಾಗೆ ಹೋದರೆ ನಾಲ್ಕು. ಇಡೀ ಬೋರ್ಡು ಒಮ್ಮೆಲೇ, ಊರಿಗೆಲ್ಲ ಕರೆಂಟು ಬಂದಂತೆ ಬೆಳಗಿತು. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಇದು ದಿನವೂ ಆಗುತ್ತಿತ್ತು. ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಅವಳು ಒಂದೊಂದು ಕವಲನ್ನೂ ಎರಡೆರಡು ಸಲ ಪರೀಕ್ಷಿಸಿದಳು. ಹನ್ನೊಂದು ನಿಮಿಷದ ಮೇಲೆ ಕುದುರೆಯನ್ನು ಎತ್ತಿ ಕಾಲಾಳನ್ನು ಹೊಡೆದು ಇಟ್ಟಳು.

ತೆಮೂಲೆನ್ ಮುಂದಕ್ಕೆ ಬಾಗಿದ. ಹದಿನಾರು ನಿಮಿಷ ಬಾಗಿಯೇ ಇದ್ದ.

ಆ ಹದಿನಾರು ನಿಮಿಷ ನೀಲಾ ಕೈಕಟ್ಟಿ ಕೂತಳು. ಮಾಡಲು ಏನೂ ಇರಲಿಲ್ಲ, ಆತುರಪಡಿಸುವಂತೆಯೂ ಇರಲಿಲ್ಲ. ಅವನು ಯೋಚಿಸಿದಷ್ಟು ಹೊತ್ತೂ ಅವಳ ತಲೆಗೆ ಕಾವಲಿಲ್ಲ. ಹತ್ತನೆಯ ನಿಮಿಷಕ್ಕೆ ಬಲಗೈಯ ಹೆಬ್ಬೆರಳು ತಾನಾಗಿ ಒಮ್ಮೆ ಹಾರಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು. ಹದಿನೈದನೆಯ ನಿಮಿಷಕ್ಕೆ ಸೀದ ಹಾಲಿನ ವಾಸನೆ ಬಂತು. ಅಲ್ಲಿ ಹಾಲಿರಲಿಲ್ಲ. ಪ್ರತಿ ಸಲ ಬೀಳುವ ಮುನ್ನ ಆ ವಾಸನೆ ಬರುತ್ತಿತ್ತು.

ತೆಮೂಲೆನ್ ರಾಜನಿಂದ ಕುದುರೆಯನ್ನು ಹೊಡೆದು ಗಡಿಯಾರ ಒತ್ತಿದ.

ಬೋರ್ಡಿನ ಅಂಚುಗಳು ಆಗಲೇ ಅಲುಗಾಡುತ್ತಿದ್ದವು. ನೀಲಾ ಎಡಗೈಯಿಂದ ಆನೆಯನ್ನು ಹಿಡಿದು, ಒಂದು ಮನೆ, ಎರಡು ಮನೆ ಎಂದು ಮನಸ್ಸಿನಲ್ಲಿ ಎಣಿಸಿ ಬಿಟ್ಟಳು. ಗಡಿಯಾರ ಒತ್ತಿದಳು. ಅಲ್ಲಿಂದ ಮುಂದಿನದು ಅವಳಿಗೆ ಗೊತ್ತಿಲ್ಲ.

*

ಬಿಡಾರದಲ್ಲಿ ಕಸ್ತೂರಿಯ ಮುಂದಿನ ಪರದೆಯಲ್ಲಿ ಬೋರ್ಡು ಮತ್ತು ಗಡಿಯಾರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಟಗಾರರ ಮುಖ ತೋರಿಸಬಾರದೆಂಬ ನಿಯಮ. ಅವಳಿಗೆ ಆಟ ಬಾರದು. ಗಡಿಯಾರ ಮಾತ್ರ ನೋಡುತ್ತಿದ್ದಳು. ತಂಗಿಯ ಗಡಿಯಾರ ಬಹಳ ಹೊತ್ತು ಓಡಿದಾಗ ಅವಳ ಜೀವ ಹಿಡಿಯಾಗಿತ್ತು. ಈಗ ಆ ಹುಡುಗನ ಗಡಿಯಾರ ಓಡುತ್ತಿತ್ತು. ಇನ್ನೇನು ಮುಗಿದು ತಂಗಿ ಬರುತ್ತಾಳೆಂದು ಅವಳು ಕರೆಂಟಿನ ಒಲೆಯ ಮೇಲೆ ಹೆಸರುಕಾಳು ಬೇಯಲಿಟ್ಟಳು.

ಆಟದ ಕೋಣೆಯಲ್ಲಿ ನೀಲಾ ನೆಲದ ಮೇಲಿದ್ದಳು. ಒಕ್ಕೂಟದ ವೈದ್ಯೆ ಅವಳನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಕೈಯಿಟ್ಟಿದ್ದಳು. ಆಟದ ಪಂಚರು ನಿಯಮ ಓದಿದರು: ಆಟಗಾರ್ತಿ ಎದ್ದು ಆಡಬಹುದಾದರೆ ಆಟ ಮುಂದುವರಿಯುತ್ತದೆ, ಆದರೆ ಗಡಿಯಾರ ನಿಲ್ಲುವುದಿಲ್ಲ. ಎರಡು ನಿಮಿಷ ಅವಳ ದೇಹ ಸೆಟೆದು ಅದುರಿತು. ಆಮೇಲೆ ಅರ್ಧ ತಾಸು ಮುಗಿದು ಯಂತ್ರ ಎಚ್ಚೆತ್ತಿತು. ಅದುರುವುದು ನಿಂತಿತು. ನಿಯಂತ್ರಣ ಕೋಣೆಯಲ್ಲಿ ಹಸಿರು ಚುಕ್ಕೆ ಕಂಡಾಗ ಜೆಸಿಂತಾ ಮುಖ ಮುಚ್ಚಿಕೊಂಡು ಅತ್ತಳು.

ತೆಮೂಲೆನ್‌ಗೆ ಹನ್ನೆರಡು ನಿಮಿಷ ಉಳಿದಿತ್ತು. ನೀಲಾಳಿಗೆ ಒಂಬತ್ತು. ಅವನು ಯಾವುದೋ ಒಂದು ಕಾಯಿ ಸರಿಸಿ ಗಡಿಯಾರ ಒತ್ತಿದರೆ ಸಾಕಿತ್ತು. ನೆಲದ ಮೇಲಿದ್ದವಳು ಒಂಬತ್ತು ನಿಮಿಷದಲ್ಲಿ ಏಳುವುದು ಸಂದೇಹ. ಎದ್ದರೂ ತನ್ನ ಹೆಸರು ನೆನಪಾಗುವುದು ಇನ್ನೂ ಸಂದೇಹ. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬೋರ್ಡನ್ನೇ ನೋಡುತ್ತ ಕೂತ. ಅವಳಿಗಾಗಿ ಕಾಯುತ್ತಿದ್ದಾನೋ, ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಾನೋ ಯಾರಿಗೂ ಗೊತ್ತಾಗಲಿಲ್ಲ. ಬಹುಶಃ ಎರಡೂ ಇದ್ದವು. ಹತ್ತು ನಿಮಿಷ ಹೋಯಿತು. ನೀಲಾ ಕಣ್ಣು ಬಿಟ್ಟು, ಗೋಡೆಗೊರಗಿ, ಅಕ್ಕ ಎಲ್ಲಿ ಎಂದು ಕನ್ನಡದಲ್ಲಿ ಕೇಳಿದಳು. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.

ನಲವತ್ತು ಸೆಕೆಂಡು ಉಳಿದಿದ್ದಾಗ ತೆಮೂಲೆನ್ ಗಡಿಯಾರವನ್ನು ನಿಲ್ಲಿಸಿ ತನ್ನ ರಾಜನನ್ನು ಮಲಗಿಸಿದ. ಎದ್ದು ಬಂದು ಅವಳ ಪಕ್ಕ ಮಂಡಿಯೂರಿ ಕೈ ಚಾಚಿದ. ಅವಳು ಯಾರೆಂದು ತಿಳಿಯದೆ ಆ ಕೈ ಹಿಡಿದುಕೊಂಡಳು.

"ಆನೆಯನ್ನು ಅಲ್ಲಿ ಇಟ್ಟವಳು ಕೊನೆಯವರೆಗೆ ನೋಡಿಯೇ ಇಟ್ಟಿದ್ದಾಳೆ," ಎಂದು ಅವನು ಪಂಚರಿಗೆ ಹೇಳಿದ. "ಉಳಿದದ್ದು ಆಡಿಸಿ ನೋಡುವ ಅಗತ್ಯವಿಲ್ಲ."

*

ಕಡಾಂಬಿಯವರು ಮರುದಿನ ತೀರ್ಪು ಬರೆದರು. ಯಂತ್ರ ಆಟಗಾರ್ತಿಗೆ ನೆರವಾಗಿಲ್ಲ, ಬದಲಿಗೆ ನಾಲ್ಕು ಆಟಗಳಲ್ಲಿ ಅಡ್ಡಿಯಾಗಿದೆ, ಫಲಿತಾಂಶಕ್ಕೆ ಚ್ಯುತಿಯಿಲ್ಲ. ನೀಲಗಂಗಾ ಬಡಿಗೇರ ವಿಶ್ವ ಚಾಂಪಿಯನ್ ಆದಳು. ತಾನು ಗೆದ್ದ ನಡೆ ಮೂರ್ಛೆಯಲ್ಲಿ ಮರೆತುಹೋಗಿದ್ದರಿಂದ ಅದನ್ನು ಅವಳು ಬೇರೆಯವರ ಆಟದಂತೆ ಕಾಗದದಲ್ಲಿ ಓದಿ ತಿಳಿದುಕೊಂಡಳು.

ಜೆಸಿಂತಾ ಬಿಡಾರಕ್ಕೆ ಬಂದು ಎಲ್ಲವನ್ನೂ ಹೇಳಿದಳು. ಮಿಡಿತಗಳ ಲೆಕ್ಕ, ಗುಂಡಿ, ತಾನು ಬೆರಳು ತೆಗೆದದ್ದು. ಕಸ್ತೂರಿ ಗಂಟು ಕಟ್ಟುತ್ತಿದ್ದವಳು ನಿಲ್ಲಿಸಿದಳು.

"ಬೇಕಂತ ಬಿದ್ದೀಯೇನು ನೀ?" ತಂಗಿಯನ್ನು ಕೇಳಿದಳು.

ನೀಲಾ ಹೌದೆಂದು ತಲೆಯಾಡಿಸಿದಳು.

"ಇಪ್ಪತ್ತು ವರ್ಷ ನಿನ್ನ ಉಸಿರು ಎಣಿಸಿಕೋತ ಮಲಗೀನಿ ನಾ. ಜಳಕಕ್ಕ ಹೋದ್ರ ಬಾಗಲಾ ಹಾಕ್ಕೊಳ್ಳಾಕ ಬಿಟ್ಟಿಲ್ಲ ನಿನ್ನ. ಬೇಕಂತ ಬಿದ್ದಿ."

"ಅಕ್ಕಾ, ಒಳಗ ಕತ್ತಲಿ ಇತ್ತು. ಎಂಟು ವರ್ಷದಿಂದ ಇತ್ತು. ನನಗ ಗೊತ್ತಽ ಇರಲಿಲ್ಲ."

ಕಸ್ತೂರಿ ಜೆಸಿಂತಾಳ ಕಡೆ ತಿರುಗಿದಳು. "ಅದನ್ನ ಸರಿ ಮಾಡಾಕ ಬರಂಗಿಲ್ಲೇನ್ರಿ? ಫಿಟ್ಸ್ ಅಷ್ಟಽ ಹಿಡಿ, ಉಳಿದದ್ದು ಬಿಡು ಅಂತ?"

"ಬರುವುದಿಲ್ಲ ಅಕ್ಕ. ನಾನು ನಿನ್ನೆಯಿಂದ ಅದೇ ನೋಡಿದ್ದು. ಇವಳ ತಲೆಯಲ್ಲಿ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಜರಡಿ ಹಿಡಿಯಲಿಕ್ಕೆ ಆಗುವುದಿಲ್ಲ. ಪೂರ್ತಿ ಹಾಕಬಹುದು, ಇಲ್ಲದಿದ್ದರೆ ಆಫ್ ಮಾಡಬಹುದು. ಬೇಕಾದರೆ ಕೈಯಲ್ಲಿ ಹಿಡಿಯುವ ಒಂದು ಸ್ವಿಚ್ಚು ಮಾಡಿಕೊಡುತ್ತೇನೆ. ಯಾವಾಗ ಒತ್ತಬೇಕು ಅಂತ ನೀವೇ ನೋಡಬೇಕು."

ಅಕ್ಕ ತಂಗಿ ಗಣಿಯ ಲಿಫ್ಟಾದ ಕೇಜಿನಲ್ಲಿ ಮೇಲೆ ಬಂದರು. ಏರುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಕಸ್ತೂರಿ ತಂಗಿಗೆ ಬೆನ್ನು ಮಾಡಿ ನಿಂತಿದ್ದಳು.

*

ಸ್ವಿಚ್ಚು ತಿಂಗಳ ಮೇಲೆ ಬೆಟಗೇರಿಗೆ ಬಂತು. ಬೆಂಕಿಪೊಟ್ಟಣದಷ್ಟಿತ್ತು. ಕಸ್ತೂರಿ ಅದನ್ನು ಹೊಲಿಗೆ ಯಂತ್ರದ ಡ್ರಾವರಿನಲ್ಲಿ ಹಾಕಿ ಬೀಗ ಹಾಕಿದಳು. ನೀಲಾ ಕೇಳಲಿಲ್ಲ. ದಿನವೂ ಆಡುತ್ತಿದ್ದಳು, ಬಂಡೆಗಲ್ಲಿನಂತೆಯೇ ಆಡುತ್ತಿದ್ದಳು. ಕಿವಿಯ ಹಿಂದೆ ಸದ್ದಾದಾಗ ಮಾತ್ರ ಈಗ ಅವಳಿಗೆ ಗೊತ್ತಾಗುತ್ತಿತ್ತು, ಏನೋ ಹೋಯಿತೆಂದು. ಗೊತ್ತಿಲ್ಲದ ಕಾಲಕ್ಕಿಂತ ಅದು ಕಷ್ಟವಾಗಿತ್ತು. ಊಟ ಕಡಿಮೆಯಾಯಿತು. ಆಮಂತ್ರಣಗಳಿಗೆ ಉತ್ತರ ಬರೆಯುವುದನ್ನು ಬಿಟ್ಟಳು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಕೈ ನಿಲ್ಲಿಸಿ, ತನ್ನಷ್ಟಕ್ಕೆ ತಾನೇ, "ಈಗೂ ಒಂದು ಹೋತು," ಅಂದಳು. ಒಗ್ಗರಣೆ ಸೀಯಿತು. ಕಸ್ತೂರಿ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು.

ಮಾರನೆಯ ದಿನ ನಾಲ್ಕು ಗಂಟೆಗೆ ಹೊಲಿಗೆಯ ಹುಡುಗಿಯರನ್ನು ಬೇಗ ಕಳಿಸಿದಳು. ನಡುಮನೆಯ ನೆಲದ ಮೇಲೆ ಎರಡು ಕೌದಿ ಹಾಸಿ, ಮೂಲೆಯ ಟೇಬಲ್ಲು ಕುರ್ಚಿ ಎಲ್ಲ ಹೊರಗೆ ಸರಿಸಿದಳು. ಕಪಾಟಿನಿಂದ ಬೋರ್ಡು ತೆಗೆದು ಕೌದಿಯ ನಡುವೆ ಇಟ್ಟು, ಕಾಯಿಗಳನ್ನು ತನಗೆ ತಿಳಿದಂತೆ ಜೋಡಿಸಿದಳು. ಆಮೇಲೆ ಡ್ರಾವರಿನ ಬೀಗ ತೆಗೆದು ಸ್ವಿಚ್ಚನ್ನು ತಂದು ಗೋಡೆಗೊರಗಿ ಕೂತು ತಂಗಿಯನ್ನು ಕರೆದಳು.

"ದಿನಕ್ಕ ಒಂದು ತಾಸು," ಅಂದಳು. "ನಾ ಇಲ್ಲೇ ಕೂಡ್ತೀನಿ. ಫೌಜದಾರನ್ನ ಮಲಗಸಾಕಿನೂ ನಾನಽ, ಎಬ್ಬಸಾಕಿನೂ ನಾನಽ."

ನೀಲಾ ಬಂದು ಕೌದಿಯ ಮೇಲೆ ಕೂತಳು. ಅಕ್ಕ ಎರಡೂ ಕಡೆಯ ರಾಜ ಮಂತ್ರಿಗಳನ್ನು ಅದಲು ಬದಲು ಇಟ್ಟಿದ್ದಳು. ನೀಲಾ ನಾಲ್ಕನ್ನೂ ಅವುಗಳ ಮನೆಗೆ ಸರಿಸಿದಳು.

ಕಸ್ತೂರಿ ಗೋಡೆಯ ಗಡಿಯಾರ ನೋಡಿ, ಸೆರಗಿನಿಂದ ಬೆವರು ಒರೆಸಿಕೊಂಡು, ಸ್ವಿಚ್ಚು ಒತ್ತಿದಳು.